ಅಮಾನ್ಯ ಸಂಪರ್ಕ ಶಾಸ್ತ್ರ: ಅಕಿವಾಟದ ಕಟ್ಟೆಯಿಂದ ಒಂದು ಪೀಠಿಕೆ

ಸರ್ಕಾರವೊಂದು ತಾನು ಒಪ್ಪದ ಅಧಿಕಾರದೊಡನೆ, ಆ ಒಪ್ಪದಿರುವಿಕೆಗೆ ಕಿಂಚಿತ್ತೂ ಭಂಗ ಬಾರದಂತೆ, ಪತ್ರ, ಹಣ, ನೀರುಗಳ ವ್ಯವಹಾರ ನಡೆಸುವ ವಿದ್ಯೆಯನ್ನು ಅಮಾನ್ಯ ಸಂಪರ್ಕ ಶಾಸ್ತ್ರವೆಂದು ಕರೆಯಬಹುದು. ಅದರಲ್ಲಿ 'ವಿಧಿತಃ' ಎಂದರೆ ಕಾಗದದ ಮೇಲಿನ ಮಾನ್ಯತೆ, 'ವಸ್ತುತಃ' ಎಂದರೆ ಕೆಲಸ ಬಿದ್ದಾಗಿನ ಮಾನ್ಯತೆ. ತೈವಾನನ್ನು ದೇಶವೆಂದು ಒಪ್ಪದ ಭಾರತವು 1995ರಲ್ಲಿ ತೈಪೆಯಲ್ಲಿ ರಾಯಭಾರ ಕಚೇರಿಯ ಬದಲು ಒಂದು 'ಸಂಘ'ವನ್ನು ತೆರೆದದ್ದೂ, ತಾಲಿಬಾನಿಗೆ ಮಾನ್ಯತೆ ಕೊಡದೆಯೇ 2022ರ ಜೂನಿನಲ್ಲಿ ಕಾಬೂಲಿಗೆ 'ತಾಂತ್ರಿಕ ತಂಡ' ಕಳಿಸಿದ್ದೂ ಇದರ ಬಾಲಪಾಠಗಳು. ಪ್ರೌಢ ಪ್ರಯೋಗವನ್ನು ನೋಡಬಯಸುವವರು ಮಹಾರಾಷ್ಟ್ರದ ಗಡಿಯ ಕೊಲ್ಹಾಪುರ ಜಿಲ್ಲೆ ಶಿರೋಳ ತಾಲೂಕಿನ ಅಕಿವಾಟದ ಕಟ್ಟೆಯ ಮೇಲೆ ಕುಳಿತರೆ ಸಾಕು.

ಮಹಾರಾಷ್ಟ್ರ ಸರ್ಕಾರವು ಕರ್ನಾಟಕವನ್ನು ಒಪ್ಪುತ್ತದೆ, ಬೆಳಗಾವಿಯೂ ಸೇರಿದಂತೆ 865 ಊರುಗಳ ಮೇಲೆ ಅದರ ಅಧಿಕಾರವನ್ನು ಮಾತ್ರ ಒಪ್ಪುವುದಿಲ್ಲ. ಗಡಿ ಕುರಿತ 1967ರ ಮಹಾಜನ ವರದಿಯನ್ನು ತಳ್ಳಿಹಾಕಿ, 2004ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲನ್ನೂ ಹತ್ತಿದೆ. ಆದರೂ ಬೆಳಗಾವಿಗೆ ಪತ್ರ ಬರೆಯಬೇಕಾದ ಪ್ರಸಂಗ ಬಂದೇ ಬರುತ್ತದೆ. 2014ರ ನವೆಂಬರ್ 1ರಿಂದ ಕರ್ನಾಟಕವು 'ಬೆಳಗಾವಿ' ಎಂದೂ ಮರಾಠಿಯು ಎಂದಿನಂತೆ 'ಬೆಳಗಾವ' ಎಂದೂ ಬರೆಯುವುದರಿಂದ ಸಾರ್ವಭೌಮತ್ವದ ಪ್ರಶ್ನೆಯೆಲ್ಲ ಲಕೋಟೆಯ ಮೇಲಿನ ಒಂದು ಗುಡಿಸಿನೊಳಗೆ ಅಡಗಿ ಕೂತಿರುತ್ತದೆ. ಅಂಚೆಯವನು ಆ ಗುಡಿಸನ್ನು ಓದುವುದೇ ಇಲ್ಲ, ಕೆಳಗಿನ 590001 ನೋಡಿ ಚೀಲಕ್ಕೆ ಹಾಕುತ್ತಾನೆ.

ಈ ಲಕೋಟೆಯ ಮಾರ್ಗಕ್ಕಿಂತ ಸೂಕ್ಷ್ಮವಾದದ್ದು 'ಔಷಧ ಮಾರ್ಗ', ಅಂದರೆ ಒಪ್ಪದ ಗಡಿಯಾಚೆಗೆ ಉಪಕಾರದ ರೂಪದಲ್ಲಿ ಕಾಲಿಡುವುದು. 2023ರಲ್ಲಿ ಮಹಾರಾಷ್ಟ್ರವು ಈ 865 ಊರುಗಳಿಗೆ ತನ್ನ ಮಹಾತ್ಮಾ ಫುಲೆ ಜನಾರೋಗ್ಯ ಯೋಜನೆಯನ್ನು ವಿಸ್ತರಿಸಿದಾಗ ಕರ್ನಾಟಕವು ಸಿಟ್ಟಿಗೆದ್ದಿತು. ಕೈಯಲ್ಲಿ ಕರ್ನಾಟಕದ ಪಡಿತರ ಚೀಟಿ ಹಿಡಿದ ರೋಗಿಗೆ ಮಹಾರಾಷ್ಟ್ರವು ಕೊಡುವ ಚಿಕಿತ್ಸೆಯಿಂದ ಯಾರಿಗೆ ಮಾನ್ಯತೆ ಸಿಕ್ಕಂತಾಯಿತು ಎಂಬುದು ವಿದ್ವಾಂಸರು ಬಗೆಹರಿಸಬೇಕಾದ ಪ್ರಮೇಯ; ರೋಗಿಗೆ ಅಷ್ಟು ಪುರುಸೊತ್ತಿರಲಾರದು.

ಮೂರನೆಯದು 'ನಿಷೇಧ ಮಾರ್ಗ'. ಅಕಿವಾಟವೂ ಸೇರಿದ ಹಾತಕಣಂಗಲೆ ಕ್ಷೇತ್ರದ ಸಂಸದ ಧೈರ್ಯಶೀಲ ಮಾನೆ ಅವರು ಮಹಾರಾಷ್ಟ್ರದ ಗಡಿ ತಜ್ಞ ಸಮಿತಿಯ ಮುಖ್ಯಸ್ಥರಾಗಿದ್ದಾಗ, 2022ರ ಡಿಸೆಂಬರ್ 19ರಂದು ಬೆಳಗಾವಿಗೆ ಬರಬಾರದೆಂದು ಅಲ್ಲಿನ ಜಿಲ್ಲಾಡಳಿತವು ಆದೇಶ ಹೊರಡಿಸಿತು. ಬಾರದಿರೆಂದು ಹೇಳುವುದಕ್ಕೂ ಬರುವವರು ಯಾರೆಂದು ಹೆಸರು, ಹುದ್ದೆ ಸಹಿತ ಬರೆಯಬೇಕಾಗುವುದರಿಂದ, ಇಷ್ಟು ಸಂಪೂರ್ಣವಾದ ಮಾನ್ಯತೆ ಸ್ವಾಗತ ಪತ್ರಿಕೆಯಲ್ಲೂ ಸಿಗದು ಎನ್ನಬೇಕು.

ನೀರಿನ ವಿಷಯದಲ್ಲಿ ಮಾತ್ರ ಶಾಸ್ತ್ರ ಸೋಲುತ್ತದೆ. 2022ರ ಡಿಸೆಂಬರಿನಲ್ಲಿ ಎರಡೂ ವಿಧಾನಸಭೆಗಳು ಒಂದಿಂಚೂ ಬಿಡೆವೆಂಬ ಧಾಟಿಯ ನಿರ್ಣಯ ಮಾಡಿದ ಐದೇ ತಿಂಗಳಿಗೆ, 2023ರ ಮೇ 31ರಂದು, ಕರ್ನಾಟಕದ ಮುಖ್ಯಮಂತ್ರಿಯು ಮಹಾರಾಷ್ಟ್ರದ ಮುಖ್ಯಮಂತ್ರಿಗೆ ಪತ್ರ ಬರೆದು ವಾರಣಾ, ಕೊಯ್ನಾಗಳಿಂದ ಕೃಷ್ಣೆಗೆ 2 ಟಿಎಂಸಿ, ಉಜನಿಯಿಂದ ಭೀಮೆಗೆ 3 ಟಿಎಂಸಿ ನೀರು ಕೇಳಿದರು. ಅದರಲ್ಲಿ ಗಡಿಯ ಸೊಲ್ಲಿಗೆ ಎಡೆ ಎಲ್ಲಿಯದು? ಕೃಷ್ಣೆಯ ನೀರು ಶಿರೋಳ ತಾಲೂಕಿನ ರಾಜಾಪುರ ಬಂಧಾರೆಯನ್ನು ದಾಟಿಯೇ ಕರ್ನಾಟಕಕ್ಕಿಳಿಯಬೇಕು.

ಇಷ್ಟೆಲ್ಲವನ್ನು ಕನ್ನಡದಲ್ಲೂ ಮರಾಠಿಯಲ್ಲೂ ಚರ್ಚಿಸಬಲ್ಲ ಅಕಿವಾಟವು ಮಹಾರಾಷ್ಟ್ರದ್ದೆಂಬುದರಲ್ಲಿ ಎರಡು ಸರ್ಕಾರಗಳಿಗೂ ಸಂಶಯವಿಲ್ಲದ ಕಾರಣ, ಆ 865ರ ಪಟ್ಟಿಯಲ್ಲಿ ಅದರ ಹೆಸರಿಲ್ಲ.