ಜ್ವರಪ್ರಾಮಾಣ್ಯ ವಿಚಾರ

ಬೆಟ್ಟದ ಮೇಲೆ ಹೊಗೆ ಕಂಡರೆ ಸಾಕು, ಬೆಂಕಿಯಿದೆಯೆಂದು ನೈಯಾಯಿಕರು ಒಪ್ಪಿಬಿಡುತ್ತಿದ್ದರು. ಪಾಪ, ಅವರಲ್ಲಿ ಯಾರೂ ಕಾರ್ಖಾನೆಯ ಹೆಚ್‌ಆರ್ ವಿಭಾಗದಲ್ಲಿದ್ದವರಲ್ಲ. ಮೈ ಕೆಂಡವಾದ ಮಾತ್ರಕ್ಕೆ ಜ್ವರ ಸಿದ್ಧವಾಗುವುದಿಲ್ಲ. ನ್ಯಾಯಶಾಸ್ತ್ರದ ನಾಲ್ಕು ಪ್ರಮಾಣಗಳಿಗೆ ‘ಸರ್ಟಿಫಿಕೇಟು’ ಎಂಬ ಐದನೆಯದನ್ನು ಸೇರಿಸುವುದೇ ಈ ಪ್ರಬಂಧದ ಉದ್ದೇಶ.

ಅಧ್ಯಯನಕ್ಕೆ ಪುಣೆಯ ಬಿಬವೇವಾಡಿಯನ್ನು ಆರಿಸಿಕೊಂಡದ್ದು ಸಕಾರಣ. ಈಎಸ್‌ಐ ಆಸ್ಪತ್ರೆಯೂ ಅಲ್ಲೇ, ಈಎಸ್‌ಐ ನಿಗಮದ ಕಚೇರಿಯಾದ ಪಂಚದೀಪ ಭವನವೂ ಅಲ್ಲೇ. ರೋಗವೂ ರೋಗದ ಲೆಕ್ಕವೂ ಒಂದೇ ಕಡೆ ನೆಲೆಸಿರುವ ಇಂಥ ಪುಣ್ಯಕ್ಷೇತ್ರ ಅಪರೂಪ.

ಆಕರಗ್ರಂಥ 1948ರ ಈಎಸ್‌ಐ ಕಾಯ್ದೆ ಮತ್ತದರ ನಿಯಮಗಳು. (2020ರ ಕಾರ್ಮಿಕ ಸಂಹಿತೆಗಳು ಬಂದರೇನು, ಪಂಡಿತರಿಗೆ ಹಳೆಯ ಪಾಠವೇ ಚಂದ.) ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನದ ವಂತಿಗೆ ಕಟ್ಟಿದವನು ಮಾತ್ರ ಮುಂದೆ ಕಾಯಿಲೆ ಬೀಳಲು ಅರ್ಹ. ಆಗ ಕೂಲಿಯ ಶೇ. 70, ವರ್ಷಕ್ಕೆ 91 ದಿನದವರೆಗೆ. ಮೊದಲೆರಡು ದಿನದ ಜ್ವರವನ್ನು ಸಾಮಾನ್ಯವಾಗಿ ಸ್ವಂತ ಖರ್ಚಿನಲ್ಲೇ ಅನುಭವಿಸತಕ್ಕದ್ದು. 64ನೇ ಕಲಮು ಇನ್ನೂ ಸೂಕ್ಷ್ಮ: ರೋಗಿ ಅನುಮತಿಯಿಲ್ಲದೆ ಚಿಕಿತ್ಸೆಯ ಪ್ರದೇಶ ಬಿಡಕೂಡದು. ಪುಣೆಯಲ್ಲಿ ದುಡಿಯುವ ಇಂಡಿ ತಾಲ್ಲೂಕಿನವನೊಬ್ಬ ಅವ್ವನ ಕೈಯ ಗಂಜಿ ಕುಡಿದರೆ ನೆಟ್ಟಗಾಗುತ್ತೇನೆಂದು ರಾತ್ರಿ ಬಸ್ಸು ಹತ್ತಿದನೆನ್ನಿ. ಆ ಗಂಜಿ ಪಥ್ಯವೋ ನಿಯಮಭಂಗವೋ? ಭಾಷ್ಯಕಾರರು ಮೌನವಾಗಿದ್ದಾರೆ.

“ಸಾಹೇಬ್ರ, ಖರೇನ ಜ್ವರ ಬಂದಿತ್ರಿ.”

“ಬಂದಿತ್ತು ಅಂತ ಯಾರು ಹೇಳ್ತಾರ?”

“ನಾನ ಹೇಳಾಕತ್ತೀನಲ್ರಿ.”

ಇದು ಶಬ್ದಪ್ರಮಾಣ, ಗೇಟಿನಲ್ಲೇ ತಿರಸ್ಕೃತ.

ಪೂರ್ವಪಕ್ಷ: ಕಾಯಿಲೆಯ ಅವಧಿಯಲ್ಲಿ ಮಾಲೀಕರು ಶಿಕ್ಷಿಸಬಾರದೆಂದು 73ನೇ ಕಲಮು ಹೇಳುತ್ತದಲ್ಲ? ಹೇಳುತ್ತದೆ. ಆದರೆ ಮದರಾಸಿನ ಬಕಿಂಗ್‌ಹ್ಯಾಮ್ ಅಂಡ್ ಕರ್ನಾಟಿಕ್ ಮಿಲ್ಲಿನ ಪ್ರಕರಣ (ಹೆಸರಲ್ಲೇ ಕರ್ನಾಟಿಕ್ ಇರುವುದರಿಂದ ನಮ್ಮ ವ್ಯಾಪ್ತಿಗೆ ಸೇರಿದ್ದು) 1964ರ ತೀರ್ಪುಗಳ ಸಂಪುಟದಲ್ಲಿದೆ. ಕಾರ್ಮಿಕ ಈಎಸ್‌ಐ ಸರ್ಟಿಫಿಕೇಟು ತಂದ. ಅಷ್ಟು ದಿನ ಕಾಯಿಲೆಯಿತ್ತೆಂದು ದೃಢಪಡಿಸಲಾಗದೆಂದು ಮಿಲ್ಲಿನ ವೈದ್ಯರು ಹೇಳಿದರು. ರಜೆಯಿಲ್ಲದೆ ಸತತ ಎಂಟು ಕೆಲಸದ ದಿನ ಬಾರದವನು ಕೆಲಸ ಬಿಟ್ಟಂತೆ ಎಂಬುದು ಮಿಲ್ಲಿನ ಸ್ಥಾಯಿ ಆದೇಶ. ಸುಪ್ರೀಂ ಕೋರ್ಟು ಮಿಲ್ಲಿನ ಪರ ನಿಂತಿತು: ಮಾಲೀಕರು ಶಿಕ್ಷಿಸಿಲ್ಲ, ನೌಕರಿ ಮಾಗಿದ ಹಣ್ಣಿನಂತೆ ತಾನೇ ಉದುರಿದೆ! ಹಾಗೆ ಉದುರಿಸುವ ಮೊದಲು ವಿಚಾರಣೆ ಬೇಕೆಂದು ಅದೇ ನ್ಯಾಯಾಲಯ ಹೇಳಿದ್ದು 1993ರಲ್ಲಿ, ಡಿ.ಕೆ. ಯಾದವ್ ಪ್ರಕರಣದಲ್ಲಿ.

ಇನ್ನು ನಮ್ಮ ಸ್ವತಂತ್ರ ಸಂಶೋಧನೆ. 1946ರ ಸ್ಥಾಯಿ ಆದೇಶಗಳ ಕಾಯ್ದೆಯ (ಅದೂ ಹಳೆಯ ಪಾಠವೇ) 10ಎ ಕಲಮಿನಂತೆ ವಿಚಾರಣೆಗಾಗಿ ಅಮಾನತಾದವನಿಗೆ ಮೊದಲ 90 ದಿನ ಅರ್ಧ ಕೂಲಿ. ಆಮೇಲೂ ವಿಚಾರಣೆ ಎಳೆದರೆ, ತಪ್ಪು ಅವನದಲ್ಲದಿದ್ದರೆ, ಶೇ. 75. ರೋಗಿಗೆ ಶೇ. 70, ಅದೂ 91ನೇ ದಿನಕ್ಕೆ ಸಮಾಪ್ತಿ. ಅಂದರೆ ಮೂರು ತಿಂಗಳು ದಾಟಿದ ಮೇಲೆ ಸಾಮಾನ್ಯ ಕಾಯಿಲೆಗಿಂತ ಆರೋಪವೇ ಲಾಭಕರ. ಮೇಲಾಗಿ ಆರೋಪಪಟ್ಟಿಯನ್ನು ಮಾಲೀಕರೇ ಟೈಪು ಮಾಡಿಸಿ, ರಿಜಿಸ್ಟರ್ಡ್ ಅಂಚೆಯಲ್ಲಿ ಮನೆಗೆ ಕಳಿಸುತ್ತಾರೆ. ರೋಗಿಯ ಕಾಗದಕ್ಕೆ ರೋಗಿಯೇ ಓಡಾಡಬೇಕು.

ಅಮಾನತಿನಲ್ಲಿದ್ದವನಿಗೆ ಜ್ವರ ಬಂದರೆ ಹೇಗೆ ಎಂಬ ಆಕ್ಷೇಪವನ್ನು ಎರಡನೆಯ ಸಂಪುಟಕ್ಕೆ ಕಾದಿರಿಸಲಾಗಿದೆ.