ಸಿ-ಡಿ-ಇ ಮೀಮಾಂಸೆ: ಮಸ್ಕಿ ಸೀಮೆಯ ಲಗ್ನದ ವಿಡಿಯೊಗಳಲ್ಲಿ ಕ್ಯಾಶ್ ಫೈಲಿನ ವಾಸ್ತವ್ಯ ವಿಚಾರ

ಎಡದಂಡೆ ಕಾಲುವೆಗೆ ನೀರು ಬಂದ ವರ್ಷ ಸಿಂಧನೂರಿನಲ್ಲಿ ಭತ್ತ ಎರಡು ಬೆಳೆ. ವಿಡಿಯೊ ಎಡಿಟಿಂಗಿಗೆ ಮಾತ್ರ ಒಂದೇ ಬೆಳೆ, ಅದು ಲಗ್ನದ ಸೀಜನ್. ಆ ಬೇಸಿಗೆಯಲ್ಲಿ ಸಿಂಧನೂರು, ಲಿಂಗಸುಗೂರು, ಮಸ್ಕಿ ಎಂಬ ಮೂರು ಪೀಠಗಳನ್ನೂ ಕಾಡುವ ಪ್ರಶ್ನೆ ಇದು: ಪ್ರೀಮಿಯರ್ ಪ್ರೊ ಹೆತ್ತುಹಾಕುವ ಕ್ಯಾಶ್ ಫೈಲುಗಳು ಯಾವ ಡ್ರೈವಿನಲ್ಲಿ ನೆಲೆಸತಕ್ಕದ್ದು?

ಮೊದಲು ಲಕ್ಷಣ. ಕ್ಯಾಮೆರಾದ ಕಾರ್ಡಿನಿಂದ ಇಳಿಸಿದ್ದನ್ನು ಸಾಫ್ಟ್‌ವೇರ್ ತನ್ನ ಅನುಕೂಲಕ್ಕೆ ಮತ್ತೊಮ್ಮೆ ಬರೆದಿಟ್ಟುಕೊಳ್ಳುವ ಟಿಪ್ಪಣಿಯೇ ಕ್ಯಾಶ್. ಬಾಜಾಭಜಂತ್ರಿಯ ಸದ್ದಿಗೆ ಸಿಎಫ್‌ಎ, ಆ ಸದ್ದಿನ ಅಲೆಯ ಚಿತ್ರಕ್ಕೆ ಪೆಕ್. ಅಳಿಸಿದರೆ ಮತ್ತೆ ಹುಟ್ಟುತ್ತದೆ. ಪುನರ್ಜನ್ಮಕ್ಕೆ ಇದಕ್ಕಿಂತ ಪ್ರಬಲ ಪ್ರಮಾಣ ಈ ಲೇಖಕನಿಗೆ ಸಿಕ್ಕಿಲ್ಲ.

ಸಿ-ವಾದಿಗಳದು ಅತಿ ದೊಡ್ಡ ಪಂಥ. ಸಾಫ್ಟ್‌ವೇರ್ ತಾನಾಗಿಯೇ ಸಿ ಡ್ರೈವಿನ ಆ್ಯಪ್‌ಡೇಟಾ ಎಂಬ ಗುಪ್ತ ಗರ್ಭಗುಡಿಯಲ್ಲಿ ಕ್ಯಾಶ್ ತುಂಬುವುದರಿಂದ, ತಾವು ಒಂದು ಪಂಥಕ್ಕೆ ಸೇರಿದ್ದೇವೆ ಎಂಬುದೇ ಇವರಿಗೆ ತಿಳಿದಿರುವುದಿಲ್ಲ. "ಅಣ್ಣಾ, ಸಿ ಕೆಂಪಗಾಗ್ಯಾದ ನೋಡು" ಎಂದು ಕೆಲಸದ ಹುಡುಗ ಕೂಗಿದಾಗ ಜ್ಞಾನೋದಯ. ಅಣ್ಣ ಗೇಮ್ ಅಳಿಸುತ್ತಾನೆ, ವಾಟ್ಸ್‌ಆ್ಯಪ್‌ನ ಶುಭೋದಯಗಳನ್ನು ಅಳಿಸುತ್ತಾನೆ, ರಿಸೈಕಲ್ ಬಿನ್ ಗುಡಿಸುತ್ತಾನೆ. ಕೆಂಪು ಪಟ್ಟಿ ಕೂದಲೆಳೆಯಷ್ಟೂ ಕದಲುವುದಿಲ್ಲ.

ಡಿ-ವಾದಿಗಳು ಸುಧಾರಣಾವಾದಿಗಳು. ಕ್ಯಾಶನ್ನು ಡಿಗೆ ಸಾಗಿಸಿ ನಿಟ್ಟುಸಿರು ಬಿಡುತ್ತಾರೆ. ಆದರೆ ಅನೇಕ ಸ್ಟುಡಿಯೊಗಳಲ್ಲಿ ಸಿ, ಡಿ ಎರಡೂ ಒಂದೇ ಹಾರ್ಡ್‌ಡಿಸ್ಕಿನ ಹೋಳುಗಳು. ಅಣ್ಣತಮ್ಮಂದಿರು ಹಿಸೆಯಾಗಿ ನಡುವೆ ಗೋಡೆ ಎಬ್ಬಿಸಿದರೂ ನೀರು ಸೇದುವ ಬಾವಿ ಒಂದೇ ಉಳಿದ ಹಾಗೆ. ವಿಂಡೋಸ್, ಶೂಟಿಂಗ್, ಕ್ಯಾಶ್ ಮೂರಕ್ಕೂ ಆ ಡಿಸ್ಕಿನ ಮುಳ್ಳೇ ಓಡಬೇಕು. ಅಕ್ಷತೆ ಬೀಳುವ ದೃಶ್ಯದಲ್ಲಿ ಅಕ್ಕಿಕಾಳು ಗಾಳಿಯಲ್ಲೇ ನಿಲ್ಲುತ್ತದೆ.

ಇ-ವಾದಿಗಳದು ಯುಎಸ್‌ಬಿ ಡಿಸ್ಕು. ಹಳೆಯ 2.0 ತೂತಿಗೆ ಚುಚ್ಚಿದರೆ ಕಾಗದದ ಮೇಲೇ ಸೆಕೆಂಡಿಗೆ 60 ಎಂಬಿ, ಚಹಾ ತರುವವನ ಕಾಲಿಗೆ ವೈರು ಸಿಕ್ಕರೆ ಸೊನ್ನೆ. ಶಾಸ್ತ್ರಸಮ್ಮತ ಮಾರ್ಗವೆಂದರೆ ಕ್ಯಾಶಿಗೆಂದೇ ಪ್ರತ್ಯೇಕ ಎಸ್‌ಎಸ್‌ಡಿ: ಸಾಟಾ ಆದರೆ 500 ಎಂಬಿ ಆಸುಪಾಸು, ಎನ್‌ವಿಎಂಇ ಆದರೆ ಅದರ ಹಲವು ಪಟ್ಟು. ಇದನ್ನು ಎಲ್ಲರೂ ಒಪ್ಪುತ್ತಾರೆ, ಮುಂದಿನ ಸೀಜನ್ನಿಗೆ.

ಇಲ್ಲಿ ಮಸ್ಕಿ ಪೀಠ ಶಾಸನಾಧಾರ ಎತ್ತುತ್ತದೆ. ಚಿನ್ನದ ಗಣಿಯ ಎಂಜಿನಿಯರ್ ಬೀಡನ್ 1915ರಲ್ಲಿ ಇಲ್ಲಿ ಕಂಡ ಬಂಡೆಯಲ್ಲಿ 'ದೇವಾನಾಂಪ್ರಿಯ' ಎಂಬ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರೂ ಇತ್ತು. ಫೈಲಿಗೆ ಹೆಸರಿಡುವ ಶಿಸ್ತು ಇದು. ನಮ್ಮವರದು 'ಫೈನಲ್', 'ಫೈನಲ್ ಹೊಸದು', 'ಫೈನಲ್ ಇದೇ'. ಅಷ್ಟೇ ಅಲ್ಲ, ಅಶೋಕ ಹೆಚ್ಚುಕಡಿಮೆ ಅದೇ ಪಠ್ಯವನ್ನು ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳಲ್ಲೂ ಬ್ರಹ್ಮಗಿರಿಯಲ್ಲೂ ಕೆತ್ತಿಸಿದ್ದಾನೆ, ಬೇರೆ ಬೇರೆ ಬಂಡೆಯ ಮೇಲೆ, ಒಂದೇ ಬಂಡೆಯ ಹೋಳುಗಳ ಮೇಲಲ್ಲ. 1954ರಲ್ಲಿ ಬಿ. ಕೆ. ಥಾಪರ್ ಮಸ್ಕಿಯಲ್ಲಿ ಅಗೆಸಿದಾಗ ಮಡಕೆ, ಮಣಿ ಸಿಕ್ಕವು. ಕ್ಯಾಶ್ ಫೋಲ್ಡರ್ ಸಿಗಲಿಲ್ಲ. ಚಕ್ರವರ್ತಿ ಕಾಲಕಾಲಕ್ಕೆ ಅಳಿಸುತ್ತಿದ್ದನೆಂದೇ ಊಹಿಸಬೇಕು.

ಪ್ರತಿಪಕ್ಷವೂ ಉಂಟು. ಜಾಗ ಸಾಲದೆಂದು ಕಾರ್ಡಿನ ಒರಿಜಿನಲ್ ಅಳಿಸಿ ಕ್ಯಾಶನ್ನು ಜೋಪಾನವಾಗಿ ಉಳಿಸಿಕೊಳ್ಳುವ ಮಹನೀಯರು ಇವರು. ಕ್ಯಾಶ್ ಹೋದರೆ ಒಂದು ಮಧ್ಯಾಹ್ನ ಕಾಯಬೇಕು, ಒರಿಜಿನಲ್ ಹೋದರೆ ಲಗ್ನವನ್ನೇ ಮತ್ತೆ ಮಾಡಿಸಬೇಕು ಎಂದು ಅವರಿಗೆ ಹೇಳಿ ನೋಡಲಾಗಿದೆ. ಅದಕ್ಕೆ ಬೀಗರು ಒಪ್ಪುತ್ತಾರೆಯೇ ಎಂಬುದು ಪ್ರತ್ಯೇಕ ಪ್ರಬಂಧದ ವಿಷಯ.