ಧಣಿಯ 27 ದೂರುಗಳು

(1776ರ ಜುಲೈ, ಅಮೆರಿಕದ ಫಿಲಡೆಲ್ಫಿಯಾ. ವರ್ತಕನೊಬ್ಬ ಗಡ್ಡ ಮಾಡಿಸಿಕೊಳ್ಳುತ್ತಿದ್ದಾನೆ. ಕತ್ತಿ ಹಿಡಿದವನು ಅವನೇ ದುಡ್ಡು ಕೊಟ್ಟು ತಂದ ಗುಲಾಮ.)

ಧಣಿ: ಕೇಳಿದೆಯೇನೋ? ಸ್ವಾತಂತ್ರ್ಯ ಘೋಷಣೆಯಲ್ಲಿ ಬ್ರಿಟನ್ ರಾಜ ಮೂರನೇ ಜಾರ್ಜ್ ಮೇಲೆ ನಮ್ಮವರು 27 ದೂರು ಬರೆದಿದ್ದಾರೆ!

ಆಳು: ಅಷ್ಟೊಂದಾ, ಬುದ್ಧಿ?

ಧಣಿ: ಮತ್ತೆ? ನಮ್ಮನ್ನೊಂದು ಮಾತು ಕೇಳದೆ ತೆರಿಗೆ! 1765ರಲ್ಲಿ ಪತ್ರಿಕೆ, ಕರಾರುಪತ್ರ, ಕೊನೆಗೆ ಇಸ್ಪೀಟೆಲೆಗೂ ಸ್ಟಾಂಪು!

(ಕಾಯಿದೆ ಮಾಡಿದ್ದು ಪಾರ್ಲಿಮೆಂಟು. ಇರಲಿ, ಬೈಯುವುದಕ್ಕೆ ಒಂದೇ ತಲೆಯಿದ್ದರೆ ಅನುಕೂಲ.)

ಆಳು: ಇಸ್ಪೀಟಿಗೂ? ಅನ್ಯಾಯ.

ಧಣಿ: ಬಾಸ್ಟನ್ನಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ 342 ಪೆಟ್ಟಿಗೆ ಚಹಾ ನೀರುಪಾಲಾಯಿತು ಅಂತ ಬಂದರನ್ನೇ ಮುಚ್ಚಿಸಿದರು. ಸುರಿದವರು ನಮ್ಮವರೇ ಅನ್ನು. ಆದರೂ!

ಆಳು: ಒಂದು ಅರ್ಜಿ ಹಾಕಬಹುದಿತ್ತಲ್ಲ, ಬುದ್ಧಿ?

ಧಣಿ: ಹೋದ ವರ್ಷವೇ ಕಳಿಸಿದರು. ರಾಜ ಮುಟ್ಟಲೂ ಇಲ್ಲ. ಸಮುದ್ರದಾಚೆ ಕೂತವನಿಗೆ ನಮ್ಮ ಗೋಳು ಕೇಳಿಸುತ್ತದೆಯೇ?

ಆಳು: ಮೂರಡಿ ದೂರದಲ್ಲಿರುವವರಿಗೇ ಕೇಳಿಸೋದಿಲ್ಲ.

ಧಣಿ: ಏನಂದೆ?

ಆಳು: ಗಲ್ಲ ಸ್ವಲ್ಪ ಎತ್ತಿ ಅಂದೆ. ಮನುಷ್ಯರೆಲ್ಲ ಸಮಾನರು ಅಂತಲೂ ಬರೆದಿದ್ದಾರಂತೆ?

ಧಣಿ: ಹೂಂ. ಮೊದಲಿಗೇ.

ಆಳು: ಗುಲಾಮರ ವ್ಯಾಪಾರದ ವಿಷಯ?

ಧಣಿ: ಕರಡು ಬರೆದ ಜೆಫರ್ಸನ್ ಅದನ್ನೂ ರಾಜನ ತಲೆಗೇ ಕಟ್ಟಿದ್ದರಂತೆ. ಸಭೆ ಹೊಡೆದುಹಾಕಿತು. ಜಾಗ ಸಾಲಲಿಲ್ಲವೇನೋ.

ಆಳು: ಹಾಗಾದರೆ 28ನೆಯದು ನನ್ನ ಹತ್ತಿರವೇ ಇರಲಿ, ಬುದ್ಧಿ.

ಧಣಿ: ಲೋ, ಕತ್ತಿ ಜೋಪಾನ!

(ದೂರು ಬರೆದ ಜೆಫರ್ಸನ್ ತಮ್ಮ ಜೀವಮಾನದಲ್ಲಿ ಒಟ್ಟು 600ಕ್ಕೂ ಹೆಚ್ಚು ಗುಲಾಮರಿಗೆ ಒಡೆಯರಾಗಿದ್ದರು. ಆ ದೇಶದ ಸಂವಿಧಾನ ಗುಲಾಮಗಿರಿಯನ್ನು ನಿಷೇಧಿಸಿದ್ದು 1865ರಲ್ಲಿ.)